ಶಿವರಾತ್ರಿಯಿಂದ ಯುಗಾದಿವರೆಗೆ ತುಂಗಭದ್ರೆಯಲ್ಲಿ ಬಾಳೆ ಮೀನು: ಎಲ್ಲಿ ಗಾಳ, ಎಷ್ಟು ಸೀಸ?

ಹೊಳಿದಂಡಿ:
ಹೊಳಿ ಈಗ ಇಳದು ತಿಳಿಯಾಗೇತಿ. ಗಳಗನಾಥದಾಗ ವರದಾ ಹೊಳಿ ಕೂಡಿದ ಮ್ಯಾಲೆ ಕೆಳಗಿನ ಪಾತ್ರದಾಗ ದಂಡಿಯಿಂದನ ಬಾಳಿ ಮೀನಿಗೆ (ಹಲ್ಲಿರೋ ದೊಡ್ಡ ಕ್ಯಾಟ್‌ಫಿಶ್) ಗಾಳ ಹಾಕಬೇಕು, ದೋಣಿ ಇಲ್ಲ. ರಾಡ್ 7 ಅಡಿ ಮೀಡಿಯಂ ಹೆವಿ, ರೀಲ್ 4000 ಸೈಜ್, ದಾರ 30 ಪೌಂಡ್ ಬ್ರೇಡ್ (ಹೆಣೆದ ದಾರ). 10 ಗ್ರಾಂ ಜಿಗ್ (ತಲಿಗೆ ಸೀಸ ಇರೋ ಗಾಳ) ಒಗದ್ರ ಒಂದೋ ಕಲ್ಲಾಗ ಸಿಕ್ಕೊಳ್ಳತೈತಿ, ಇಲ್ಲಾ ಬರೀ ಜಿಲೇಬಿ ಮೀನು (ತಿಲಾಪಿಯಾ) ಬರ್ತಾವು. ಹಗಲಿನ್ಯಾಗ ಬಾಳಿ ಎಲ್ಲಿ ಕುಂತಿರ್ತಾವು? ಲೀಡರ್‌ಗೆ (ಗಾಳದ ಹತ್ರದ ತುದಿ ದಾರ) ವೈರ್ ಬೇಕೇ ಬೇಕಾ? ಜೀವಂತ ಮೀನು ಚಲೋನೋ, ರಬ್ಬರ್ ಮೀನೋ?

ಗುತ್ತಲ_ಗಾಳ:
ಮೊದಲ ಜಾಗ ನೋಡ್ರಿ, ಗಾಳ ಆಮ್ಯಾಲೆ. ಈ ದಿನದಾಗ ನೀರು ತಿಳಿ, ಬಿಸಲು ಚುರುಕು. ಬಾಳಿ ಬೆಳಕಿಗೆ ಒಗ್ಗೂ ಮೀನಲ್ಲ. ಹಗಲೆಲ್ಲಾ ಮಡುವಿನ ತಳದಾಗ, ಇಲ್ಲಾ ನೀರು ಕೊರದ ದಂಡಿಯ ಕೆಳಗಿನ ನೆರಳಿನ್ಯಾಗ ಅಲ್ಲಾಡದ ಬಿದ್ದಿರತೈತಿ. ಹೊಳಿ ತಿರುವಿನ ಒಳಮಗ್ಗಲಿಗೆ ಮರಳು ದಿಬ್ಬ, ಹೊರಮಗ್ಗಲಿಗೆ ಆಳ. ನೀವು ಮರಳಿನ ಮ್ಯಾಲೆ ನಿಂತು ಆಚೆ ಆಳಕ್ಕ ಒಗೀಬೇಕು. ಭಾಳ ಮಂದಿ ಉಲ್ಟಾ ಮಾಡತಾರ, ಎತ್ತರದ ದಂಡಿ ಮ್ಯಾಲೆ ನಿಂತು ತಮ್ಮ ನೆರಳು ನೀರಿಗೆ ಬೀಳಸತಾರ.

ಹೊತ್ತು ಮುಳುಗಿದ ಮ್ಯಾಲೆ ಲೆಕ್ಕ ಬ್ಯಾರೆ. ಸಣ್ಣ ಮೀನು ಮೊಣಕಾಲುದ್ದ ನೀರಿಗೆ ಬರ್ತಾವು, ಅವುಗಳ ಬೆನ್ನ ಹಿಂದ ಬಾಳಿ. ಹರಿಯೋ ನೀರು, ನಿಂತ ನೀರು ಕೂಡೋ ಕಡೆ ಮ್ಯಾಲೆ ನೊರಿ ಗೆರಿ ಕಾಣತೈತಿ. ಆ ಗೆರಿ ಗುಂಟ ಗಾಳ ಸಾಗಬೇಕು, ಅಡ್ಡ ಅಲ್ಲ. ಸಂಜೆ 6ರಿಂದ 8, ಮುಂಜಾನೆ ಹೊತ್ತು ಏರೋತನಕ. ನಡುವಿನ ಹೊತ್ತು ಒಗದು ಒಗದು ತೋಳು ನೋಯಿಸಿಕೋಬ್ಯಾಡ್ರಿ.

ಜಿಲೇಬಿ ಬರತೈತಿ ಅಂದ್ರ ನಿಮ್ಮ ಗಾಳ ದಂಡಿ ಬುಡದ ಸಪ್ಪಗಿನ ನೀರಿನ್ಯಾಗ ಐತಿ, ಮಡುವಿಗೆ ಮುಟ್ಟಿಲ್ಲ.

ಮಡುವಿನಂಚು:
ಜಾಗದ ಮಾತು ಸರಿ. 10 ಗ್ರಾಂ ಜಿಗ್ ಕಲ್ಲಿಗೆ ಸಿಗುವುದು ಹಗುರವಾಗಿರುವುದರಿಂದಲೇ. ಹರಿವು ದಾರವನ್ನು ಬಿಲ್ಲಿನಂತೆ ಬಾಗಿಸುತ್ತದೆ, ತಳ ಮುಟ್ಟಿದ್ದು ಕೈಗೆ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಜಿಗ್ ಉರುಳಿ ಸಂದಿಗೆ ಸೇರಿರುತ್ತದೆ. ನಿಂತ ಮಡುವಿಗೆ 14 ಗ್ರಾಂ, ಹರಿವಿದ್ದಲ್ಲಿ 20 ಗ್ರಾಂ ಹಾಕಿ. ಹರಿವಿಗೆ ಸ್ವಲ್ಪ ಮೇಲ್ಮುಖವಾಗಿ ಎಸೆದು, ಇಳಿಯುವಾಗಲೂ ದಾರ ಸಡಿಲ ಬಿಡಬೇಡಿ. ತಳಕ್ಕೆ ಟಪ್ ಎಂದ ಕೂಡಲೇ ರಾಡ್ ತುದಿ ಒಂದು ಅಡಿ ಎತ್ತಿ, ಎರಡು ಸುತ್ತು ಸುತ್ತಿ, ಮತ್ತೆ ಇಳಿಬಿಡಿ. ಕಚ್ಚುವುದು ಹೆಚ್ಚಾಗಿ ಇಳಿಯುವಾಗಲೇ. ಹೊಡೆತವೇ ಬರಬೇಕೆಂದಿಲ್ಲ, ದಾರ ಸುಮ್ಮನೆ ನಿಂತುಬಿಟ್ಟರೂ ರಾಡ್ ಎಳೆಯಿರಿ. ರಬ್ಬರ್ ಮೀನು 4 ಇಂಚು, ಬಾಲ ಅಗಲವಿರುವುದು; ತಿಳಿ ನೀರಿಗೆ ಬೆಳ್ಳಿ ಬಣ್ಣ, ಕತ್ತಲಾದ ಮೇಲೆ ಕಪ್ಪು.

ಜೀವಂತ ಮೀನಿಗೆ ಜಾರುವ ಸೀಸದ ಕಟ್ಟು: ಮುಖ್ಯ ದಾರಕ್ಕೆ 25 ಗ್ರಾಂ ಸೀಸ, ಅದರ ಕೆಳಗೆ ಒಂದು ರಬ್ಬರ್ ಮಣಿ, ಆಮೇಲೆ ಸ್ವಿವೆಲ್ (ತಿರುಗುವ ಕೊಂಡಿ), ಅಲ್ಲಿಂದ 50 ಸೆಂಟಿಮೀಟರ್ ಲೀಡರ್, ತುದಿಗೆ 4/0 ಅಳತೆಯ ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ ದುಂಡು ಗಾಳ). ಮಣಿ ಬಿಟ್ಟರೆ ಸೀಸ ಗಂಟನ್ನೇ ಬಡಿದು ಬಡಿದು ಸವೆಸುತ್ತದೆ. ದೊಡ್ಡ ಮೀನು ತುಂಡರಿಸಿತು ಎಂದುಕೊಳ್ಳುವ ಎಷ್ಟೋ ದಾರ ಹರಿದಿರುವುದು ಅಲ್ಲೇ. ಕಲ್ಲಿನ ತಳವಾದರೆ ಸೀಸವನ್ನು ನೇರ ಹಾಕದೆ, ಜಾರುವ ಕ್ಲಿಪ್‌ಗೆ 6 ಪೌಂಡ್ ತೆಳು ದಾರದಲ್ಲಿ ಕಟ್ಟಿ. ಸಿಕ್ಕಿಕೊಂಡರೆ ಸೀಸ ಮಾತ್ರ ಹೋಗುತ್ತದೆ.

ವೈರ್ ಬೇಡ. ಬಾಳೆಯ ಹಲ್ಲು ಕತ್ತರಿಯಂತೆ ಕಡಿಯುವುದಿಲ್ಲ, ಅರದಂತೆ ಉಜ್ಜುತ್ತದೆ. 50 ಪೌಂಡ್ ಮಾನೋ (ಒಂಟಿ ಎಳೆಯ ನೈಲಾನ್) ಲೀಡರ್ ಸಾಕು, ಆದರೆ ಪ್ರತಿ ಮೀನಿನ ನಂತರ ಕೊನೆಯ ಒಂದು ಗೇಣನ್ನು ಉಗುರಿನಿಂದ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಬ್ರೇಡ್ ಮತ್ತು ಲೀಡರ್ ಜೋಡಿಸಲು ಎಫ್‌ಜಿ ಎಂಬ ಗಂಟು. ಡ್ರ್ಯಾಗ್ (ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿ) 3 ಕಿಲೋಗೆ ಬಿಡಬೇಕು; ಅಂದಾಜು ಬೇಡ, ಲಗೇಜ್ ತೂಗುವ ಸಣ್ಣ ತಕ್ಕಡಿ ಸಿಗಿಸಿ ಎಳೆದು ನೋಡಿ. ಸರ್ಕಲ್ ಹುಕ್‌ಗೆ ಜಗ್ಗಿ ಹೊಡೆಯಬಾರದು, ದಾರ ಬಿಗಿಯಾಗುತ್ತಿದ್ದಂತೆ ಸುಮ್ಮನೆ ಸುತ್ತಿ. ಜಗ್ಗಿದರೆ ಬಾಯಿಂದ ಹೊರಬರುತ್ತದೆ.

ಕಪ್ಪತಗುಡ್ಡ_ಕಡೆಯವ:
ಜೀವಂತ ಮೀನು ಅಂದ್ರ ಅದ ಹೊಳಿಯ ಕೆಂಡಿ ಮರಿ ಹಿಡಿದು ಹಾಕ್ರಿ. ಕೆರಿಯಿಂದ ಜಿಲೇಬಿ ಮರಿ ಬಕೀಟಿನ್ಯಾಗ ತಂದು ಹೊಳಿಗೆ ಬಿಡೋದು ದೊಡ್ಡ ತಪ್ಪು, ಉಳಿದ ಮರಿ ಸುರವಿ ಹೋಗೋದು ಇನ್ನೂ ದೊಡ್ಡ ತಪ್ಪು.

ಮೀನು ಗುರ್ತು ಹಿಡಿಯೋದು ಕಲೀರಿ. ಬಾಳಿಗೆ ಮೀಸಿ ಎರಡು ಜೋಡಿ, ಬೆನ್ನ ಮ್ಯಾಲಿನ ರೆಕ್ಕಿ ಒಂದು ಸಣ್ಣ ತುಣುಕು, ಬಾಯಿ ಕಣ್ಣು ದಾಟಿ ಹಿಂದಕ ಹೋಗಿರತೈತಿ. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಮೀಸಿ ನಾಲ್ಕು ಜೋಡಿ, ಬೆನ್ನ ರೆಕ್ಕಿ ಬಾಲದ ಬುಡದ ತನಕ ಉದ್ದ. ಅದರ ಸಾಕಣಿಗೆ ಸರ್ಕಾರದ ನಿಷೇಧ ಐತಿ. ಸಿಕ್ರ ವಾಪಸ್ ಬಿಡಬ್ಯಾಡ್ರಿ. ಬಾಳಿ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ) ಕೆಂಪು ಪಟ್ಟಿಯಾಗ ‘ವಲ್ನರಬಲ್’, ಅಂದ್ರ ಅಪಾಯಕ್ಕ ಈಡಾಗೋ ವರ್ಗದ ಮೀನು. ಮುಂಗಾರಿನ ಹೊಸ ನೀರಿಗೆ ತತ್ತಿ ಇಡತೈತಿ, ಈಗ ಸಿಗೋ ದೊಡ್ಡ ಹೆಣ್ಣು ಅಂದ್ರ ಬರೋ ವರ್ಷದ ಬೀಜ. ಅದನ್ನ ಬಿಡಲೇಬೇಕು ಅಂತ ಕೈ ಮುಗಿದು ಕೇಳತೇನಿ.

ಬಿಡೋದಕ್ಕೂ ಕ್ರಮ ಐತಿ. ಬಾಯಾಗ ಬೆರಳು ಹಾಕಬ್ಯಾಡ್ರಿ, ಉದ್ದ ಮೂತಿಯ ಇಕ್ಕಳ ಇಟ್ಟುಕೊಳ್ರಿ, ಗಾಳದ ಮುಳ್ಳು ಮೊದಲ ಒತ್ತಿ ಮಡಿಚಿರ್ರಿ. ದವಡಿ ಹಿಡಿದು ಜೋತಾಡಿಸಿ ಫೋಟೋ ತಗದ್ರ ಮೀನಿನ ಭಾರ ಎಲ್ಲಾ ದವಡಿಗೆ ಬೀಳತೈತಿ; ಹೊಟ್ಟಿ ಕೆಳಗ ಒದ್ದಿ ಕೈ ಕೊಡ್ರಿ. ಬಿಸಿ ನೀರಿನ್ಯಾಗ ಆಕ್ಸಿಜನ್ ಕಡಿಮಿ, ಅದಕ್ಕ ಎಳೆದಾಟ ಲಗೂನ ಮುಗಿಸ್ರಿ. ಮೂತಿ ಹರಿವಿಗೆ ಎದುರು ಮಾಡಿ ಹಿಡೀರಿ, ತಾನ ಬಾಲ ಬಡಿಯೋತನಕ ಬಿಡಬ್ಯಾಡ್ರಿ.

ಸಿಂಗಾಳ (ಇನ್ನೊಂದು ಮೀಸಿ ಮೀನು) ಬಂದ್ರ ಜ್ವಾಕಿ, ಪಕ್ಕದ ರೆಕ್ಕಿ ಮುಳ್ಳು ಗರಗಸ ಇದ್ದಂಗ.

ಹೊಳಿದಂಡಿ:
ಭದ್ರಾ ಡ್ಯಾಮಿನಿಂದ ಕುಡಿಯೋ ನೀರು ಬಿಟ್ರ ಹೊಳಿ ಏರತೈತಲ್ಲ, ಆವಾಗ ಹೋಗಬೇಕೋ ಬಿಡಬೇಕೋ? ಹಮ್ಮಿಗಿ ಬ್ಯಾರೇಜ್ ಕೆಳಗ ಹ್ಯಾಂಗ?

ಗುತ್ತಲ_ಗಾಳ:
ಏರೋವಾಗ ಕಸ ತೇಲಿ ಬರತೈತಿ, ದಾರಕ್ಕ ಸುತ್ತಿ ಗಾಳ ಎಬ್ಬಿಸತೈತಿ. ಏರಿಕಿ ನಿಂತು, ನೀರು ಸ್ವಲ್ಪ ಕದಡಿದ್ದು ಹಂಗ ಇದ್ದಾಗ ಹೋಗ್ರಿ. ಆವಾಗ ಬಾಳಿ ಹಗಲಿನ್ಯಾಗೂ ದಂಡಿಗೆ ಬರತೈತಿ, ದೂರ ಒಗಿಯೋ ಜರೂರಿಲ್ಲ, ದಂಡಿಗೆ ಸಮಾನಾಂತರ 3–4 ಮೀಟರ್ ಒಳಗ ಸಾಗಿಸ್ರಿ. ಇಳಿಯೋವಾಗ ಮತ್ತ ಮಡುವಿನ ಬಾಯಿಗೆ.

ಬ್ಯಾರೇಜ್ ಗೇಟಿನ ಕೆಳಗ ನಿಲ್ಲಬ್ಯಾಡ್ರಿ, ಗೇಟ್ ಎತ್ತಿದ್ರ ಓಡಾಕ ಟೈಮ್ ಇರೂದಿಲ್ಲ.

ಮಡುವಿನಂಚು:
ನೀರಿಗಿಳಿಯಲೇ ಬೇಡಿ ಎನ್ನುತ್ತೇನೆ. ಮರಳು ತೆಗೆದ ಕಡೆ ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಅಂಚು ಕುಸಿಯುತ್ತದೆ. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಕತ್ತಲಾದ ಮೇಲೆ ನೀರಂಚಿನಿಂದ ಎರಡು ಮಾರು ಹಿಂದೆ ಇರಿ, ಮೀನು ತೊಳೆಯಲು ಅಲ್ಲಿ ಕುಕ್ಕರಗಾಲಲ್ಲಿ ಕೂರಬೇಡಿ. ಗಳಗನಾಥ, ಚೌಡಯ್ಯದಾನಪುರದ ಗುಡಿ ಮುಂದಿನ ಘಾಟ್ ಬಿಟ್ಟು ಬೇರೆ ಕಡೆ ನಿಲ್ಲಿ. ಹೊರಡುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಆ ಪಾತ್ರದ ಪರವಾನಗಿ ಯಾರಿಗಿದೆ, ರಾಡ್‌ನಿಂದ ಹಿಡಿಯಲು ಏನು ಅನುಮತಿ ಬೇಕು ಎಂದು ವಿಚಾರಿಸಿ. ತೋಟೆ ಸಿಡಿಸುವವರು, ವಿಷ ಹಾಕುವವರು ಕಂಡರೆ ಅಲ್ಲಿಗೇ ತಿಳಿಸಿ. 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅದು ಅಪರಾಧ. ಒಂದು ತೋಟೆಗೆ ಇಡೀ ಮಡು ಖಾಲಿಯಾಗುತ್ತದೆ, ಮರಿಗಳೂ ಉಳಿಯುವುದಿಲ್ಲ.