4,29,49,67,297 ಅವಿಭಾಜ್ಯವೇ? ಗಣಿತ ಉಪನ್ಯಾಸಕರನ್ನು ಕೇಳಿ

ಕುತೂಹಲಿ: ಸರ್, ಒಂದು ಫಾರ್ವರ್ಡ್ ಬಂದಿದೆ. ಯಾವುದೇ ಬೆಸ ಸಂಖ್ಯೆ ತಗೊಳ್ಳಿ, ಅದರಲ್ಲಿ 1 ಕಳೆಯಿರಿ, 2ನ್ನು ಅಷ್ಟನೇ ಘಾತಕ್ಕೆ ಏರಿಸಿ, ಮೊದಲಿನ ಸಂಖ್ಯೆಯಿಂದ ಭಾಗಿಸಿ. ಶೇಷ 1 ಬಂದರೆ ಅವಿಭಾಜ್ಯವಂತೆ. 4,29,49,67,297ಕ್ಕೆ 1 ಬಂತು. ಅವಿಭಾಜ್ಯ ತಾನೇ?

ಉಪನ್ಯಾಸಕರು: ಅಲ್ಲ. ಇದು 641 × 67,00,417. ಆದರೆ ನೀವು ಎಡವಿದ ಜಾಗ ಸೊಗಸಾಗಿದೆ, ಬಿಡಿಸಿ ಹೇಳುತ್ತೇನೆ.

ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. ಇದೇ ಸಾಲಿನಲ್ಲಿ ಹಿಂದೆ ಬರುವ, ಅಂದರೆ 2ರ 1, 2, 4, 8, 16ನೇ ಘಾತಕ್ಕೆ 1 ಕೂಡಿಸಿದರೆ ಸಿಗುವ 3, 5, 17, 257, 65,537 ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಎಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 641ನ್ನು ಹಿಡಿದು ತೋರಿಸಿದ. ಇದಕ್ಕೆ ಒಂದೊಂದಾಗಿ ಭಾಗಿಸುತ್ತಾ ಕೂರಬೇಕಿಲ್ಲ. ಇದರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥವು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿತ್ತು!

ಫಾರ್ವರ್ಡ್ ಯಾಕೆ ಕೈಕೊಟ್ಟಿತು? 2ರ 32ನೇ ಘಾತ ಈ ಸಂಖ್ಯೆಗಿಂತ ಒಂದೇ ಕಡಿಮೆ. ಶೇಷದ ಲೆಕ್ಕದಲ್ಲಿ ಅದು ಮೈನಸ್ 1. ಅದರ ವರ್ಗ, ಅಂದರೆ 64ನೇ ಘಾತ, 1. ಆಮೇಲೆ ಘಾತ 64ರ ಅಪವರ್ತ್ಯವಾಗಿದ್ದಾಗಲೆಲ್ಲ 1 ಬರುತ್ತದೆ. ನೀವು ಹಾಕಿದ ಘಾತವೂ ಅಂಥದ್ದೇ. 2ರ ಬದಲು 3 ಹಾಕಿ. ಶೇಷ 3,02,90,26,160. ಅವಿಭಾಜ್ಯವಾಗಿದ್ದರೆ ಅಲ್ಲೂ 1 ಬರಬೇಕಿತ್ತು.

ಬೆಸ: ಅಂಕಿಗಳ ಮೊತ್ತ 59, ಅದು ಅವಿಭಾಜ್ಯ. ಕೊನೆಯ ಅಂಕಿ 7. ಇಷ್ಟು ಸಾಕಲ್ವಾ?

ಉಪನ್ಯಾಸಕರು: ಸಾಲದು. 2, 3, 5ರಿಂದ ಭಾಗವಾಗುವುದಿಲ್ಲ ಎಂದಷ್ಟೇ ಗೊತ್ತಾಯಿತು.

ಹೊಸಬ: 2,14,74,83,647?

ಉಪನ್ಯಾಸಕರು: ಅವಿಭಾಜ್ಯ. 1772ರ ಹೊತ್ತಿಗೇ ಆಯ್ಲರ್ ತೋರಿಸಿದ್ದ.

ಲೆಕ್ಕಿಗ: 2ರ ಪರೀಕ್ಷೆ ಪಾಸಾಗಿಯೂ ಅವಿಭಾಜ್ಯ ಅಲ್ಲ ಅಂದರೆ ಇದು ಕಾರ್ಮೈಕಲ್ ಸಂಖ್ಯೆ (ಅವಿಭಾಜ್ಯವಲ್ಲದಿದ್ದರೂ, 2ರ ಜಾಗದಲ್ಲಿ ತನ್ನೊಡನೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಸಂಖ್ಯೆ ಹಾಕಿದರೂ ಶೇಷ 1 ಕೊಡುವಂಥದ್ದು).

ಸೊನ್ನೆ: ಅಲ್ಲ. ಅದಕ್ಕೆ ಕನಿಷ್ಠ ಮೂರು ಅವಿಭಾಜ್ಯ ಅಪವರ್ತನ ಬೇಕು. 561 = 3 × 11 × 17. ಇಲ್ಲಿರುವುದು ಎರಡೇ.

ಲೆಕ್ಕಿಗ: ನೀವೇನು ಸರ್‌ಗಿಂತ ಜಾಸ್ತಿ ಓದಿದ್ದೀರಾ?

ಸೊನ್ನೆ: ಸರ್ ಬರೆದಿದ್ದನ್ನು ಓದಿದ್ದೇನೆ. ನೀವೂ ಓದಿ.

ಕುತೂಹಲಿ: ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮ ಇರುವ ಸಂಖ್ಯೆ, ಆಗಬಹುದಾ ಸರ್?

ಉಪನ್ಯಾಸಕರು: ಇಲ್ಲ. ತನ್ನನ್ನು ಬಿಟ್ಟರೆ ಭಾಜಕಗಳು 1, 641, 67,00,417. ಮೊತ್ತ 67,01,059. ಹತ್ತಿರಕ್ಕೂ ಬರುವುದಿಲ್ಲ.

ಲೆಕ್ಕಿಗ: 65,536ರ ವರ್ಗಕ್ಕೆ 1 ಕೂಡಿಸಿದರೆ ಇದೇ ಬರುತ್ತದೆ. ಎರಡು ವರ್ಗಗಳ ಮೊತ್ತ ಅವಿಭಾಜ್ಯ ಅಂತ ಫರ್ಮಾನೇ ಹೇಳಿದ್ದಾನೆ.

ಸೊನ್ನೆ: ತಲೆಕೆಳಗು ಮಾಡಬೇಡಿ. 4ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯವನ್ನು ಹಾಗೆ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಇದಕ್ಕೆ ಇನ್ನೊಂದು ರೀತಿ ಇದೆ: 62,264ರ ವರ್ಗ + 20,449ರ ವರ್ಗ.

ಉಪನ್ಯಾಸಕರು: ಸೊನ್ನೆ ಹೇಳಿದ್ದು ಸರಿ. ಎರಡನೇ ರೀತಿ ಸಿಕ್ಕ ಮೇಲೆ ವಾದಕ್ಕೆ ಜಾಗವೇ ಇಲ್ಲ.

ಕೇಳುಗ: 2ರ 64ನೇ ಘಾತಕ್ಕೆ 1 ಕೂಡಿಸಿದರೆ?

ಬೆಸ: ಈಗಷ್ಟೇ ಇನ್ನೊಂದು ಫಾರ್ವರ್ಡ್ ಬಂತು: ‘6ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಕಡಿಮೆ ಇದ್ದರೆ ಅವಿಭಾಜ್ಯ, ಎಲ್ಲರಿಗೂ ಕಳಿಸಿ.’

ಉಪನ್ಯಾಸಕರು: 25? 35? ಕಳಿಸುವ ಮುಂಚೆ ಒಂದು ಸಲ ಹಾಕಿ ನೋಡಬಾರದಿತ್ತೇ? ಇಂಥದ್ದನ್ನು ಇಲ್ಲಿ ತರಬೇಡಿ.

ಹೊಸಬ: ಹಾಗಾದರೆ ಮೊದಲನೇದು ಅವಿಭಾಜ್ಯವೋ ಅಲ್ಲವೋ?

ಉಪನ್ಯಾಸಕರು: ಅಲ್ಲ. ಮೇಲೆ ಓದಿ.

ಲೆಕ್ಕಿಗ: ಕಾರ್ಮೈಕಲ್ ಬಗ್ಗೆ ಸರ್ ಇನ್ನೂ ನೇರವಾಗಿ ಹೇಳಿಲ್ಲ.

ಉಪನ್ಯಾಸಕರು: ಅಲ್ಲ. ಅಲ್ಲ. 3ರ ಶೇಷ ಮೇಲೇ ಇದೆ.