4 ಅಡಿ ಅಕ್ವೇರಿಯಂ, 20 ಸಾವಿರದೊಳಗೆ: ಮಾಡಿಸೋದಾ, ಹಳೇದು ಕೊಳ್ಳೋದಾ?

ದಟ್ಟಗಳ್ಳಿ_ಮನೆ:
ಎಲ್ಲರಿಗೂ ನಮಸ್ಕಾರ. ಮೈಸೂರು ದಟ್ಟಗಳ್ಳಿಯಲ್ಲಿ ಸ್ವಂತ ಮನೆ, ನಾವಿರೋದು ಮೊದಲ ಮಹಡಿಯಲ್ಲಿ. ಎರಡು ವರ್ಷದಿಂದ 2 ಅಡಿ ಟ್ಯಾಂಕಿನಲ್ಲಿ ನಾಲ್ಕು ಗೋಲ್ಡ್‌ಫಿಶ್ ಸಾಕಿದ್ದೇನೆ. ತಂದಾಗ ಹೆಬ್ಬೆರಳಿನಷ್ಟಿದ್ದವು, ಈಗ ತಿರುಗೋಕೂ ಜಾಗ ಸಾಲದು, ನೋಡಿದರೆ ಸಂಕಟ ಆಗುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಬೇಕು. ಸ್ಟ್ಯಾಂಡ್, ಫಿಲ್ಟರ್, ಲೈಟ್ ಎಲ್ಲ ಸೇರಿ 20 ಸಾವಿರ ದಾಟಬಾರದು. ರೆಡಿ ಸೆಟ್ ಕೇಳಿದೆ, ನನ್ನ ಕೈಗೆ ಎಟುಕುವ ಹಾಗಿಲ್ಲ.

ಗ್ಲಾಸ್ ಅಂಗಡಿಯಲ್ಲಿ ಕಟ್ ಮಾಡಿಸಿ ನಾನೇ ಅಂಟಿಸಬಹುದಾ? ಕುವೆಂಪುನಗರದಲ್ಲಿ ಒಬ್ಬರು ಇದೇ ಅಳತೆಯ ಟ್ಯಾಂಕನ್ನು ಸ್ಟ್ಯಾಂಡ್ ಸಮೇತ 6 ಸಾವಿರಕ್ಕೆ ಕೊಡುತ್ತೇನೆ ಅಂತಿದ್ದಾರೆ. ಆರು ವರ್ಷ ಹಳೇದು, ಒಂದು ವರ್ಷದಿಂದ ಖಾಲಿ ಬಿದ್ದಿದೆ. ಮನೆಯಲ್ಲಿ ಇವಳಿಗೆ ಇರೋ ಚಿಂತೆ ಬೇರೆ, ನೆಲ ಅಷ್ಟು ಭಾರ ತಡೆಯುತ್ತಾ ಅಂತ.

ಮಂಡ್ಯ_ಮೀನು:
ಅಣ್ಣ, ಅಂಟಿಸಬಹುದು. ಇದೇ ಅಳತೆಯದ್ದನ್ನು ನಾನೇ ಮಾಡಿಕೊಂಡಿದ್ದೇನೆ. ಒಟ್ಟು 22.5 ಚದರಡಿ ಗಾಜು ಬೇಕು, ಗಾಜು ಹೊರಕ್ಕೆ ಉಬ್ಬದ ಹಾಗೆ ಮೇಲಂಚಿಗೆ ಅಂಟಿಸುವ ಗಾಜಿನ ಪಟ್ಟಿ ಬೇರೆ. 8 ಎಂಎಂನಲ್ಲಿ ಪಟ್ಟಿ ಕೊಟ್ಟು ಮಾಡುವವರಿದ್ದಾರೆ, ಮನೆಯಲ್ಲಿ ಮಕ್ಕಳಿದ್ದಾರೆ ಅಂತ ನಾನು 10 ಎಂಎಂ ಹಾಕಿದೆ. ಅಳತೆ ಕೊಡುವಾಗ ಜೋಪಾನ. ಪಕ್ಕದ ಗಾಜು ಮುಂದಿನ ಮತ್ತು ಹಿಂದಿನ ಗಾಜಿನ ನಡುವೆ ಕೂರುತ್ತದೆ, ಹಾಗಾಗಿ ಎರಡು ಗಾಜಿನ ದಪ್ಪ, ಸಿಲಿಕೋನ್ ಸಂದು ಎಲ್ಲ ಕಳೆದು ಹೇಳಬೇಕು. ಅಂಚು ಉಜ್ಜಿಸಿಕೊಳ್ಳಿ, ಇಲ್ಲಾಂದ್ರೆ ಕೈ ಕುಯ್ಯುತ್ತದೆ.

ಸಿಲಿಕೋನ್ ವಿಷಯದಲ್ಲಿ ಉಳಿತಾಯ ಬೇಡ. ಹಚ್ಚುವಾಗ ವಿನೆಗರ್ ವಾಸನೆ ಬರುತ್ತದಲ್ಲ, ಅಕ್ವೇರಿಯಂಗೆ ಅಂತಲೇ ಬರೆದಿರುವ ಆ ಜಾತಿಯದ್ದು ತನ್ನಿ. ಬಾತ್‌ರೂಮಿನದ್ದರಲ್ಲಿ ಬೂಷ್ಟು ಹಿಡಿಯದ ಹಾಗೆ ಔಷಧಿ ಸೇರಿಸಿರುತ್ತಾರೆ, ಅದು ಮೀನಿಗೆ ವಿಷ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೇಲೆ ಮುಟ್ಟಿದರೆ ಗಟ್ಟಿಯಾಗಿತ್ತು ಅಂತ ಎರಡನೇ ದಿನಕ್ಕೇ ನೀರು ತುಂಬಿಸಿದೆ. ಒಳಗೆ ಇನ್ನೂ ಹಸಿ ಇತ್ತು. ಬೆಳಗ್ಗೆ ಎದ್ದು ನೋಡಿದರೆ ಹಿಂದಿನ ಬಲ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ. ಒರೆಸಿದೆ, ಹತ್ತು ನಿಮಿಷಕ್ಕೆ ಮತ್ತೆ ಅಲ್ಲೇ ಕೂತಿತ್ತು. ಪೂರ್ತಿ ಬಿಚ್ಚಿ, ಬ್ಲೇಡಿನಲ್ಲಿ ಹಳೇದೆಲ್ಲ ಕೆರೆದು ಮತ್ತೆ ಅಂಟಿಸೋಕೆ ಎರಡು ಭಾನುವಾರ ಹೋಯಿತು. ಹಳೇ ಸಿಲಿಕೋನ್ ಮೇಲೆ ಹೊಸದು ಹಿಡಿಯೋದೇ ಇಲ್ಲ. ಒಂದು ವಾರ ಮುಟ್ಟದೆ ಬಿಡಿ.

ಗಾರೆ_ಗುರು:
ಸರ್, ನಾನು ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಭಾರದ ಬಗ್ಗೆ ಮನೆಯವರು ಸರಿಯಾಗೇ ಕೇಳಿದ್ದಾರೆ. ಈ ಟ್ಯಾಂಕು ತುಂಬಿದರೆ ಸುಮಾರು 255 ಲೀಟರ್, ಅಂದರೆ 255 ಕೆಜಿ ನೀರೇ ಆಯಿತು. 10 ಎಂಎಂ ಗಾಜು 50 ಕೆಜಿ ದಾಟುತ್ತದೆ. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಸೇರಿದರೆ 370, 380ಕ್ಕೆ ಬಂದು ನಿಲ್ಲುತ್ತದೆ. ಐದಾರು ಜನ ಹಗಲೂ ರಾತ್ರಿ ಒಂದೇ ಕಡೆ ಅಲ್ಲಾಡದೆ ನಿಂತ ಹಾಗೆ ಲೆಕ್ಕ. ಆರ್‌ಸಿಸಿ ಮನೆಯಾದರೆ ಗೋಡೆಗೆ ಒತ್ತಿಕೊಂಡ ಹಾಗೆ, ಕೆಳಗೆ ಬೀಮ್ ಅಥವಾ ಗೋಡೆ ಇರುವ ಜಾಗದಲ್ಲಿ ಇಡಿ. ಹಾಲಿನ ಮಧ್ಯೆ ಬೇಡವೇ ಬೇಡ. ಅಗ್ರಹಾರದ ಕಡೆ ಇರೋ ಹಾಗೆ ತೊಲೆ ಜಂತೆಯ ಹಳೇ ಮದ್ರಾಸ್ ತಾರಸಿಯಾಗಿದ್ದರೆ ಮಹಡಿಯ ಮೇಲೆ ಇಡಲೇಬೇಡಿ. ಯಾವುದಕ್ಕೂ ಮನೆ ಕಟ್ಟಿದ ಎಂಜಿನಿಯರ್ ಒಮ್ಮೆ ಬಂದು ನೋಡಲಿ.

ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ಒಂದು ಕಾಲು ತಗ್ಗಿದ್ದರೂ ಗಾಜಿಗೆ ತಿರುಚು ಬಿದ್ದು ಮೂಲೆ ಬಿಡುತ್ತದೆ. ಪ್ಲೈವುಡ್, ಅದರ ಮೇಲೆ ಥರ್ಮಾಕೋಲ್ ಶೀಟ್, ಆಮೇಲೆ ಟ್ಯಾಂಕ್.

ಸರಸ್ವತಿಪುರಂ_ಅಕ್ಕ:
ನನ್ನ ಕೇಳಿದರೆ ಮೊದಲು ಆ ಕುವೆಂಪುನಗರದ್ದನ್ನು ಹೋಗಿ ನೋಡಿ. ಗಾಜು ಹಳೇದಾಗೋದಿಲ್ಲ, ಹಳೇದಾಗೋದು ಸಿಲಿಕೋನ್. ಉಗುರಿನಿಂದ ಮೂಲೆಯಲ್ಲಿ ಒತ್ತಿ. ರಬ್ಬರಿನ ಹಾಗೆ ಬಗ್ಗಿ ವಾಪಸ್ ಬಂದರೆ ಒಳ್ಳೇದು, ಅಂಚಿನಿಂದ ಸಿಪ್ಪೆ ಹಾಗೆ ಎದ್ದರೆ ಬೇಡ. ಟಾರ್ಚ್ ಹಿಡಿದು ಎರಡು ಗಾಜು ಸೇರುವ ಕಡೆ ಗುಳ್ಳೆ, ಬಿಳಿ ಕಲೆ ಇದೆಯಾ ನೋಡಿ. ತಂದಮೇಲೆ ನೇರ ಮಹಡಿಗೆ ಹತ್ತಿಸಬೇಡಿ. ಕೆಳಗೆ ಅಂಗಳದಲ್ಲೇ, ಸಮವಾಗಿರೋ ಕಡೆ ನೀರು ತುಂಬಿ ಒಂದು ವಾರ ಇಡಿ. ಸುತ್ತ ನ್ಯೂಸ್ ಪೇಪರ್ ಹಾಸಿ, ಹನಿ ಬಿದ್ದರೂ ಗೊತ್ತಾಗುತ್ತದೆ.

ಇದರಲ್ಲಿ ಉಳಿಯುವ ದುಡ್ಡನ್ನು ಫಿಲ್ಟರಿಗೆ ಹಾಕಿ ಅಂತ ಕೈ ಮುಗಿದು ಕೇಳುತ್ತೇನೆ. ಗೋಲ್ಡ್‌ಫಿಶ್ ತಿನ್ನೋದೂ ಜಾಸ್ತಿ, ಗಲೀಜೂ ಜಾಸ್ತಿ. ಅದರ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸಬೇಕು. ಹೊಸ ಟ್ಯಾಂಕಿಗೆ ಇದಕ್ಕೇ ನಾಲ್ಕರಿಂದ ಆರು ವಾರ ಬೇಕು. ಎಷ್ಟೋ ಮನೆಗಳಲ್ಲಿ ಮೊದಲ ತಿಂಗಳೇ ಮೀನು ಸಾಯೋದು ಇದರಿಂದ, ಪಾಪ, ಜನ ನೀರು ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಎರಡು ವರ್ಷ ಓಡಿದ ಟ್ಯಾಂಕ್ ಇದೆಯಲ್ಲ, ಅದೇ ದೊಡ್ಡ ಆಸ್ತಿ. ಅದರ ಸ್ಪಾಂಜನ್ನು ಒಣಗಿಸದೆ, ನಲ್ಲಿ ನೀರಲ್ಲಿ ತೊಳೆಯದೆ, ಮೀನಿನ ಜೊತೆಗೇ ಹೊಸ ಟ್ಯಾಂಕಿಗೆ ಹಾಕಿ. ಕಾರ್ಪೊರೇಷನ್ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹೊಸ ನೀರನ್ನು ಡ್ರಮ್ಮಿನಲ್ಲಿ ಏರ್ ಪಂಪ್ ಬಿಟ್ಟು ಒಂದು ದಿನ ಇಟ್ಟು ಬಳಸಿ.

ಹೀಟರ್ ಬೇಡ, ಗೋಲ್ಡ್‌ಫಿಶ್ ತಣ್ಣೀರಿನ ಮೀನು, ಮೈಸೂರಿನ ಚಳಿ ಅದಕ್ಕೇನೂ ಮಾಡೋದಿಲ್ಲ. ಬದಲು ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಇಟ್ಟುಕೊಳ್ಳಿ. ಜಾಗ ಜಾಸ್ತಿ ಇದೆ ಅಂತ ಅಂಗಡಿಯವರು ಸಕ್ಕರ್ ಮೀನು ಕೊಟ್ಟರೆ ತರಬೇಡಿ. ಅದು ಒಂದು ಅಡಿ ದಾಟಿ ಬೆಳೆಯುತ್ತದೆ, ಆಮೇಲೆ ಜನ ತಗೊಂಡು ಹೋಗಿ ಕೆರೆಗೆ ಬಿಡುತ್ತಾರೆ, ನಮ್ಮ ಊರಿನ ಮೀನುಗಳಿಗೆ ಅದರಿಂದ ತೊಂದರೆ.

ದಟ್ಟಗಳ್ಳಿ_ಮನೆ:
ಅಕ್ಕ, ಸರ್, ಅಣ್ಣ, ತುಂಬಾ ಉಪಕಾರ ಆಯಿತು. ಭಾನುವಾರ ಹೋಗಿ ಟಾರ್ಚ್ ಹಾಕಿ ನೋಡಿದೆ. ಗಾಜು 10 ಎಂಎಂ, ಸಿಲಿಕೋನ್ ಇನ್ನೂ ರಬ್ಬರಿನ ಹಾಗೇ ಇದೆ. ಮುಂದಿನ ಗಾಜಿನಲ್ಲಿ ಒಂದು ಗೀರು ಇತ್ತು, ಅದಕ್ಕೆ 5,500ಕ್ಕೆ ಇಳಿಸಿದರು. ನಾಲ್ಕು ಜನ ಹಿಡಿದು ಲಗೇಜ್ ಆಟೋದಲ್ಲಿ ತಂದೆವು. ಈಗ ಅಂಗಳದಲ್ಲಿ ನೀರು ತುಂಬಿ ನಾಲ್ಕನೇ ದಿನ, ಇವತ್ತು ಬೆಳಗ್ಗೆಯೂ ಪೇಪರ್ ಒಣಗೇ ಇತ್ತು. ಎಂಜಿನಿಯರ್ ಶನಿವಾರ ಬರುತ್ತಾರೆ. ಅವರು ಬೇಡ ಅಂದರೆ ಕೆಳಗಿನ ವರಾಂಡದಲ್ಲೇ ಇಡುತ್ತೇನೆ, ಅಲ್ಲಿ ಮಧ್ಯಾಹ್ನ ಬಿಸಿಲು ಬೀಳುತ್ತದೆ, ಒಂದು ಬಿದಿರಿನ ಪರದೆ ಹಾಕಿಸಬೇಕು.