ಬೇಲೂರಿಂದ ಹಾಸನಕ್ಕೆ ದಿನಾ ಬೈಕ್: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಮನೆ ಬೇಲೂರು, ಕೆಲಸ ಹಾಸನದಲ್ಲಿ. ಹೋಗಿ ಬರಲು ಹತ್ತಿರ ಹತ್ತಿರ 80 ಕಿಲೋಮೀಟರ್. ಹೋದ ತಿಂಗಳು ರಸ್ತೆಗೆ ಹರಡಿದ್ದ ಹುರುಳಿ ಮೇಲೆ ಬೈಕ್ ಜಾರಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಆದರೆ ಹೆಂಡತಿ ಬೈಕ್ ಮಾರಿ ಅಂತ ಹಟ ಹಿಡಿದಿದ್ದಾಳೆ. ಬಸ್ಸಾದರೆ ಬೆಳಿಗ್ಗೆ ಎಂಟರ ಪಾಳಿ ತಪ್ಪುತ್ತದೆ. ಏನು ಮಾಡಲಿ?

*

ನಾನೂ ಹನ್ನೊಂದು ವರ್ಷ ಇದೇ ಹಗರೆ ದಾರಿಯಲ್ಲಿ ಓಡಾಡಿದವನು. ಮಳೆಗಾಲಕ್ಕಿಂತ ನನಗೆ ಭಯ ಈ ಒಕ್ಕಣೆ ಕಾಲದ್ದೇ. ಈಗ ಕಣ ಮಾಡುವವರು ಎಲ್ಲಿದ್ದಾರೆ? ಡಾಂಬರು ರಸ್ತೆಯೇ ಕಣ. ದೂರದಿಂದ ಕಂದು ಚಾಪೆ ಹಾಸಿದ ಹಾಗೆ ಕಂಡ ತಕ್ಷಣ ವೇಗ ಇಳಿಸಿ, ಎರಡನೇ ಗೇರಿಗೆ ಬನ್ನಿ. ಅದರ ಮೇಲೆ ಹತ್ತಿದ ಮೇಲೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಸುಮ್ನೆ ನೇರ ದಾಟಿಬಿಡಿ. ಪದರ ದಪ್ಪ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ, ನಾಚಿಕೆ ಏನಿಲ್ಲ. ಅದರ ಮೇಲೆ ಬೈಕ್ ನಿಲ್ಲಿಸಲೂ ಬೇಡಿ, ಸೈಲೆನ್ಸರ್ ಬಿಸಿಗೆ ಒಣ ಸೊಪ್ಪು ಹೊತ್ತಿಕೊಳ್ಳುವುದೂ ಉಂಟು.

ಒಮ್ಮೆ ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡು ನನ್ನ ಹಿಂದಿನ ಚಕ್ರ ಗಕ್ಕನೆ ನಿಂತಿತು. ಹೊಲದವರಿಗೆ ಚೆನ್ನಾಗಿ ಬೈಯಬೇಕು ಅಂತ ತಿರುಗಿದರೆ, ಒಬ್ಬ ಅಜ್ಜಿ ಕುಡುಗೋಲು ಹಿಡಿದು ಬರುತ್ತಿದ್ದರು. ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಳೆ ಕತ್ತರಿಸಿ ತೆಗೆದರು. ಉದುರಿದ ಕಾಳನ್ನು ಮಡಿಲಿಗೆ ಹಾಕಿಕೊಂಡರು. ನನಗೆ ಬಾಯೇ ಬರಲಿಲ್ಲ.
– ನಿವೃತ್ತ ನೌಕರ, ಬೇಲೂರು

*

ಗ್ಯಾರೇಜ್ ಇಟ್ಟುಕೊಂಡಿರುವವನ ಮಾತು ಕೇಳಿ. ಚೈನಿಗೆ ಸುಮಾರು 500 ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಾಕಬೇಕು. ಬೇರೆಯವರಿಗೆ ಅದು ತಿಂಗಳ ಕೆಲಸ, ನಿಮಗೆ ಪ್ರತಿ ಭಾನುವಾರದ್ದು. ಟೈರಿನ ಗಾಳಿ ವಾರಕ್ಕೊಮ್ಮೆ ನೋಡಿಸಿ, ಅದೂ ಟೈರ್ ತಣ್ಣಗಿದ್ದಾಗ. 125 ಸಿಸಿ ಮೇಲಿನ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಗಕ್ಕನೆ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯ. ಆದರೆ ಸೊಪ್ಪಿನ ಮೇಲೆ ಎಬಿಎಸ್ಸೂ ದೇವರಲ್ಲ. ಇನ್ನೊಂದು: ಹಿಂದಿನ ದೀಪ ಉರಿಯುತ್ತಾ ಅಂತ ದಿನಾ ನೋಡಿ. ನಮ್ಮ ಹತ್ತಿರ ಬರುವ ಅರ್ಧ ಬೈಕುಗಳಲ್ಲಿ ಅದು ಸತ್ತಿರುತ್ತದೆ, ಓನರಿಗೇ ಗೊತ್ತಿರುವುದಿಲ್ಲ. ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ಕಾಣುವುದು ಅದೊಂದೇ ಅಲ್ವಾ?
– ಮೆಕ್ಯಾನಿಕ್, ಹಾಸನ

*

ಲೆಕ್ಕ ಹಾಕಿದ್ದೀರಾ? ತಿಂಗಳಿಗೆ 26 ದಿನ ಅಂದರೆ 2,080 ಕಿಲೋಮೀಟರ್. ಲೀಟರಿಗೆ 50 ಕೊಟ್ಟರೂ 40 ಲೀಟರ್ ಮೇಲೆ ಪೆಟ್ರೋಲ್, ನಾಲ್ಕು ಸಾವಿರ ದಾಟುತ್ತದೆ. ನಾನು ಹಗರೆಯಿಂದ ಸ್ಕೂಟರಿನಲ್ಲಿ ಹೋಗುತ್ತಿದ್ದವಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಬದಲಾದೆ. ನಿಮಗೆ ಆ ಭಾಗ್ಯ ಇಲ್ಲ, ಆದರೆ ತಿಂಗಳ ಪಾಸ್ ಇದೆ. ಸೀಟು ಸಿಗುತ್ತದೆ ಅಂತ ಮಾತ್ರ ಹೇಳಲಾರೆ. ಪಾಳಿ ಅರ್ಧ ಗಂಟೆ ಮುಂದಕ್ಕೆ ಹಾಕಿ ಅಂತ ಒಮ್ಮೆ ಕೇಳಿ ನೋಡಿ. ನಾನು ಕೇಳಿದ್ದಕ್ಕೇ ಕೊಟ್ಟರು, ಎರಡು ವರ್ಷ ಕೇಳದೇ ಒದ್ದಾಡಿದ್ದೆ.
– ಓದುಗಳು, ಹಗರೆ

*

ಹುರುಳಿಗೇ ಹೆದರಿದರೆ ಹೇಗೆ ಸ್ವಾಮಿ! ನಾವು ಬಿಕ್ಕೋಡು ಕಡೆಯವರು ಬೈಕ್ ತೆಗೆಯುವ ಮೊದಲು ಆನೆ ಎಲ್ಲಿದೆ ಅಂತ ಮೊಬೈಲ್ ನೋಡುತ್ತೇವೆ.
– ಕಾಫಿ ಬೆಳೆಗಾರ, ಬಿಕ್ಕೋಡು

*

ಬೈಕ್ ಮಾರಬೇಡಿ. ನನ್ನ ಗಂಡನೂ ದಿನಾ ಬೈಕ್‌ನಲ್ಲೇ ಹಾಸನಕ್ಕೆ ಹೋಗುವವರು. ಬಿದ್ದದ್ದಕ್ಕಿಂತ ಜಾಸ್ತಿ, ಬಿದ್ದ ಸುದ್ದಿ ಬೇರೆಯವರ ಬಾಯಲ್ಲಿ ಕೇಳಿದ್ದು ನನಗೆ ಸಂಕಟ ಆಗಿತ್ತು. ನಿಮ್ಮ ಮನೆಯಲ್ಲೂ ಹಾಗೇ ಆಯಿತಾ, ಕೇಳಿ. ಈಗ ನಮ್ಮವರು ಹಾಸನ ಬಿಡುವಾಗ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ, ಹಗರೆಯಲ್ಲಿ ಟೀಗೆ ನಿಂತಾಗ ಇನ್ನೊಂದು. ಎರಡನೆಯದು ಬಂದ ಮೇಲೆ ನಾನು ಮುದ್ದೆಗೆ ಎಸರು ಇಡುತ್ತೇನೆ.
– ಗೃಹಿಣಿ, ಬೇಲೂರು